ಅತ್ತರಿನ ನೋಟ್‌ಬುಕ್: ನನ್ನ ಮೂಗು, ಅಮ್ಮನ ಮೂಗು

ದಿನ 1

ಎಡಗೈಯ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ನಾಲ್ಕು ಸೊನ್ನೆ ಬರೆದುಕೊಂಡಿದ್ದೇನೆ. ಮಣಿಕಟ್ಟಿನಿಂದ ಮೊಣಕೈವರೆಗೆ, ನಡುವೆ ಮೂರು ಬೆರಳು ಜಾಗ. ಒಂದರಲ್ಲಿ ಶ್ರೀಗಂಧ, ಒಂದರಲ್ಲಿ ಲಾವಂಚ, ಒಂದರಲ್ಲಿ ಮಲ್ಲಿಗೆ, ಕೊನೆಯದರಲ್ಲಿ ಉತ್ತರ ಪ್ರದೇಶದ ಕನೌಜಿನ ಮಣ್ಣಿನ ಅತ್ತರು, ಮಳೆ ಬಿದ್ದ ನೆಲದ ವಾಸನೆಯದು. ಹಲ್ಲುಕಡ್ಡಿಯ ತುದಿ ಅದ್ದಿ ಒಂದೊಂದೇ ಚುಕ್ಕೆ. ಉಜ್ಜಿಲ್ಲ.

ಈ ಹುಚ್ಚು ಶುರುವಾಗಿದ್ದು ಅಂಗಡಿಯವರೊಬ್ಬರ ಮಾತಿನಿಂದ. ಹೋದ ತಿಂಗಳು ಒಂದು ಎಣ್ಣೆ ಮುಂಗೈಗೆ ಹಚ್ಚಿಸಿಕೊಂಡು, ತುಂಬಾ ಇಷ್ಟವಾಗಿ ಬಾಟ್ಲಿ ತಂದೆ. ಮನೆಗೆ ಬರುವಷ್ಟರಲ್ಲಿ ಕೈಯಲ್ಲಿ ಬೇರೆಯೇ ವಾಸನೆ. ವಾಪಸ್ ಹೋಗಿ ಕೇಳಿದರೆ, ‘ಅದು ನಿಮ್ಮ ಚರ್ಮದ ಗುಣ ಸಾರ್’ ಅಂದರು. ಈ ಮಾತನ್ನು ಅತ್ತರು ಹಚ್ಚುವವರೆಲ್ಲ ಹೇಳ್ತಾರೆ. ನಿಜವೋ, ಇಲ್ಲಾ ಬಾಟ್ಲಿ ವಾಪಸ್ ತಗೊಳ್ಳದೇ ಇರೋಕೆ ಕಂಡುಕೊಂಡ ದಾರಿಯೋ, ನೋಡಿಯೇ ಬಿಡೋಣ ಅಂತ ಕೂತಿದ್ದೇನೆ.

ಹೋಲಿಸಿ ನೋಡೋಕೆ ಡ್ರಾಯಿಂಗ್ ಶೀಟನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಅದಕ್ಕೂ ಇವೇ ಎಣ್ಣೆ ಹಚ್ಚಿಟ್ಟೆ. ಮೂಸುವ ಹೊತ್ತು: 5 ನಿಮಿಷ, ಅರ್ಧ ಗಂಟೆ, 2 ಗಂಟೆ, 6 ಗಂಟೆ, ಮಾರನೇ ಬೆಳಿಗ್ಗೆ.

ದಿನ 2

ನಿನ್ನೆಯ ಲೆಕ್ಕ. ಕೈ ಮೇಲೆ ಎಲ್ಲವೂ ಕಾಗದಕ್ಕಿಂತ ಬೇಗ ಮುಂದೆ ಹೋಗುತ್ತವೆ. ಅದರಲ್ಲಿ ಗುಟ್ಟೇನಿಲ್ಲ. ಕೈಯ ಚರ್ಮ ಸುಮಾರು 32-33 ಡಿಗ್ರಿ ಬಿಸಿ ಇರುತ್ತೆ, ಕಾಗದ ಕೋಣೆಯಷ್ಟೇ ತಣ್ಣಗೆ. ಜೊತೆಗೆ ಚರ್ಮ ಸ್ವಲ್ಪ ಎಣ್ಣೆಯನ್ನು ಕುಡಿಯುತ್ತೆ ಕೂಡ. ಕಾಗದದಲ್ಲಿ ಎರಡು ಗಂಟೆಗೆ ಸಿಕ್ಕಿದ ಮಲ್ಲಿಗೆ ನನ್ನ ಕೈಯಲ್ಲಿ ಮುಕ್ಕಾಲು ಗಂಟೆಗೇ ಸಿಕ್ಕಿತ್ತು.

ಲಾವಂಚಕ್ಕೆ ಬದಲಾಗುವ ಅಭ್ಯಾಸವೇ ಇದ್ದಂತಿಲ್ಲ. ಹಚ್ಚಿದಾಗ ಒದ್ದೆ ಬೇರು, ಮಣ್ಣಿನ ಕಹಿ, ಹಿಂದೆ ಸ್ವಲ್ಪ ಹೊಗೆ. ಆರು ಗಂಟೆಯ ಮೇಲೂ ಅದೇ, ದನಿ ಮಾತ್ರ ಸಣ್ಣ. ಬೇಸಿಗೆಯಲ್ಲಿ ಹೂಜಿಗೆ ಹಾಕುತ್ತಿದ್ದ ಬೇರಿನ ವಾಸನೆಯೇ. ಇದು ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದ್ದು, ಹಾಗಾಗಿ ಎಣ್ಣೆಗೇ ಹಸಿರು ಬಣ್ಣ. ಬಿಳಿ ಬನಿಯನ್ ಮೇಲೆ ಒಂದು ಹಸಿರು ಕಲೆ ಆಗಲೇ ಕೂತಿದೆ.

ಬೇಜಾರಾಗಿದ್ದು ಶ್ರೀಗಂಧದಿಂದ. ಅಕ್ಕ ಹುಟ್ಟುಹಬ್ಬಕ್ಕೆ ಕೊಟ್ಟ ಪುಟ್ಟ ಬಾಟ್ಲಿ, ದುಬಾರಿಯದು. ಹಚ್ಚಿದ ಇಪ್ಪತ್ತು ನಿಮಿಷಕ್ಕೆ ಮಾಯ. ಮೂಗು ಚರ್ಮಕ್ಕೆ ಅಂಟಿಸಿದರೂ ಏನೂ ಇಲ್ಲ. ಪುಸ್ತಕದಲ್ಲಿ ‘ಶ್ರೀಗಂಧ: 20 ನಿಮಿಷ. ನಕಲಿ?’ ಎಂದು ಬರೆದೆ. ಅಕ್ಕನಿಗೆ ಹೇಳಲಿಲ್ಲ.

ದಿನ 6

ಶ್ರೀಗಂಧದ ಅನುಮಾನ ಬಿಡಲಿಲ್ಲ. ಒಂದು ಅಂಗಡಿಯಲ್ಲಿ ‘ಪ್ಯೂರ್ ಸ್ಯಾಂಡಲ್’ ಅಂತ 200 ರೂಪಾಯಿಗೆ 10 ಎಂಎಲ್ ಸಿಕ್ಕಿತು, ಹೋಲಿಸೋಕೆ ತಂದೆ. ಲೆಕ್ಕ ಬರುವವರಿಗೆ ಅಲ್ಲೇ ಗೊತ್ತಾಗಬೇಕು. ನಿಜವಾದ ಗಂಧದೆಣ್ಣೆ ಕಿಲೋಗೆ ಲಕ್ಷದ ಮೇಲಿದೆ. 200 ರೂಪಾಯಿಗೆ ಬರೋದು ಹೆಸರು ಮಾತ್ರ. ಆದರೂ ಹಚ್ಚಿದಾಗ ಏನು ಜೋರು! ಕೋಣೆಯೆಲ್ಲ ಗಂಧದ ಸೋಪಿನಂತೆ. ನನ್ನ ದುಬಾರಿ ಎಣ್ಣೆ ಇದರ ಮುಂದೆ ಹೊಸ ಸೊಸೆಯಂತೆ ಮೂಲೆಯಲ್ಲಿ ನಿಂತಿತ್ತು.

ಕಾಗದದ ಮೇಲೆ ಹಚ್ಚಿ, ಜಿಡ್ಡಿನ ಕಲೆ ಉಳಿದರೆ ಕಲಬೆರಕೆ ಅಂತ ಒಂದು ಪರೀಕ್ಷೆ ಹೇಳ್ತಾರಲ್ವಾ, ಅದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಎರಡೂ ಕಲೆ ಉಳಿಸಿದವು. ಗಂಧದೆಣ್ಣೆಯ ಜೀವಾಳವಾದ ಸಾಂಟಲಾಲ್ ಕುದಿಯೋಕೆ ಸುಮಾರು 300 ಡಿಗ್ರಿ ಬೇಕು. ನಿಂಬೆ, ಕಿತ್ತಳೆಯ ಲಿಮೊನೀನ್‌ಗೆ 176 ಸಾಕು. ಇಷ್ಟು ನಿಧಾನದ ಎಣ್ಣೆ ಕಾಗದ ಬಿಟ್ಟು ಏಳುವುದೂ ನಿಧಾನ. ಆ ಪರೀಕ್ಷೆ ನೀಲಗಿರಿ ಎಣ್ಣೆಯಂಥ ಚುರುಕಿನವಕ್ಕೆ ಸರಿ.

ಹಾಗಾದರೆ ಹಾರೋದು ಇಷ್ಟು ನಿಧಾನವಾದರೆ, ನನ್ನ ಕೈಯಿಂದ ಇಪ್ಪತ್ತೇ ನಿಮಿಷಕ್ಕೆ ಅದು ಹೋಯಿತಾದರೂ ಎಲ್ಲಿಗೆ? ಈ ಪ್ರಶ್ನೆ ಅವತ್ತು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವತ್ತು ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಗಂಧದೆಣ್ಣೆ ಕಾರ್ಖಾನೆಯ ಮುಂದೆಯೇ ಬಂದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡು ಎಣ್ಣೆಗಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂದು ಹಡಗು ನಿಂತಾಗ ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲ ಅದು. 1916ರಲ್ಲಿ ಬೆಂಗಳೂರಿನಲ್ಲಿ, ಮಾರನೇ ವರ್ಷ ಮೈಸೂರಿನಲ್ಲಿ ಎಣ್ಣೆ ತೆಗೆಯೋಕೆ ಶುರು ಮಾಡಿದರು. ಸೋಪು ಬಂದಿದ್ದು ಆಮೇಲೆ. ನಮ್ಮ ಕಡೆಯವರ ಮೂಗಿಗೆ ‘ಗಂಧ’ ಅಂದರೆ ಮೊದಲು ಆ ಸೋಪೇ ನೆನಪಾಗುತ್ತೆ. 200 ರೂಪಾಯಿಯ ಬಾಟ್ಲಿ ನನ್ನನ್ನು ಏಮಾರಿಸಿದ್ದೂ ಅದೇ ದಾರಿಯಲ್ಲಿ ಬಂದು.

ದಿನ 10

ಇವತ್ತು ಪೂರ್ತಿ ಮಲ್ಲಿಗೆಗೆ. ಇದೊಂದನ್ನು ಹತ್ತಿರದಿಂದ ನೋಡಬೇಕು ಅನ್ನಿಸಿತ್ತು. ದೇವರಾಜ ಮಾರ್ಕೆಟ್‌ನಿಂದ ಒಂದು ಮೊಳ ಮಲ್ಲಿಗೆ ತಂದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕೈ ಚಾಚಿ ಕೂತೆ.

ಮೊದಲ ಐದು ನಿಮಿಷ ಎಣ್ಣೆ ಹೂವಿನಂತಿಲ್ಲ. ಸಿಹಿ ಸಿಹಿ, ಹಣ್ಣಿನಂತೆ, ಬಾಳೆಹಣ್ಣಿನ ಕಡೆಗೆ ವಾಲುವ ವಾಸನೆ. ಅದು ಬೆಂಜೈಲ್ ಅಸಿಟೇಟ್‌ನದು, ಮಲ್ಲಿಗೆಯಲ್ಲಿ ಜಾಸ್ತಿ ಇರುವ, ಬೇಗ ಹಾರುವ ಭಾಗ. ಅರ್ಧ ಗಂಟೆಗೆ ಹೂವೂ ಎಣ್ಣೆಯೂ ಒಂದಾದವು. ಕಣ್ಣು ಮುಚ್ಚಿದರೆ ಯಾವುದು ಕೈ, ಯಾವುದು ಮೇಜು ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದೂವರೆ ಗಂಟೆಯ ಹೊತ್ತಿಗೆ ಸಿಹಿ ಇಳಿದು, ಅಡಿಯಲ್ಲಿದ್ದದ್ದು ಮೇಲೆ ಬಂತು. ಸ್ವಲ್ಪ ನುಸಿಗುಳಿಗೆ, ಸ್ವಲ್ಪ ಬೆವರು, ಸ್ವಲ್ಪ ಕೊಳೆತದ್ದು. ಇಂಡೋಲ್ ಅನ್ನುವುದು ಇದೇ. ಬೆಂಜೈಲ್ ಅಸಿಟೇಟ್‌ಗಿಂತ ನಿಧಾನವಾಗಿ ಏಳುತ್ತೆ, ಹಾಗಾಗಿ ಕಡೆಯಲ್ಲಿ ಅದರದ್ದೇ ರಾಜ್ಯ.

ಮೊದಲು ಮುಖ ಕಿವುಚಿದೆ. ಆಮೇಲೆ ನೆನಪಾಯಿತು. ಮದುವೆ ಮನೆಯಿಂದ ರಾತ್ರಿ ಬಂದು, ಅಮ್ಮ ಮುಡಿಯಿಂದ ತೆಗೆದು ದಿಂಬಿನ ಪಕ್ಕ ಇಡುತ್ತಿದ್ದ ಬಾಡಿದ ದಂಡೆ. ಬೆಳಿಗ್ಗೆ ಅದು ಕಂದು ಬಣ್ಣಕ್ಕೆ ತಿರುಗಿ, ಕೂದಲ ಎಣ್ಣೆ ಸೇರಿಕೊಂಡು ಬೀರುತ್ತಿದ್ದ ವಾಸನೆ. ನನ್ನ ಕೈ ಒಂದೂವರೆ ಗಂಟೆಯಲ್ಲಿ ಒಂದು ರಾತ್ರಿಯ ಕೆಲಸ ಮುಗಿಸಿತ್ತು. ‘ಕೆಟ್ಟಿತು’ ಅಂತ ಬರೆದಿದ್ದನ್ನು ಹೊಡೆದು ‘ಬಾಡಿತು’ ಅಂತ ತಿದ್ದಿದೆ.

ದಿನ 15

ಇವತ್ತು ಇಡೀ ನೋಟ್‌ಬುಕ್ ತಲೆಕೆಳಗಾಯಿತು.

ಬೆಳಿಗ್ಗೆ ಏಳಕ್ಕೆ ಶ್ರೀಗಂಧ ಹಚ್ಚಿದ್ದೆ, ಅಕ್ಕನ ಬಾಟ್ಲಿಯದು. ಏಳೂವರೆಗೆ ಎಂದಿನಂತೆ ಮಾಯ. ಹನ್ನೊಂದಕ್ಕೆ ಅಡುಗೆಮನೆಗೆ ಹೋಗಿ ಮೇಲಿನ ಡಬ್ಬ ಇಳಿಸಿಕೊಡೋಕೆ ಕೈ ಎತ್ತಿದೆ.

‘ದೇವರ ಮನೆಗೆ ಹೋಗಿದ್ಯೇನೋ? ಗಂಧ ತೇಯ್ದ ಹಂಗಿದೆ’ ಅಂದರು ಅಮ್ಮ.

‘ಇಲ್ವಲ್ಲಮ್ಮ.’

‘ಮತ್ತೆ ಕೈಯೆಲ್ಲ ಘಮ ಅಂತಿದೆ ಕಣೋ.’

ನಾಲ್ಕು ಗಂಟೆ ಆಗಿತ್ತು. ನನಗೆ ಸೊನ್ನೆ, ಅವರಿಗೆ ಘಮ. ಎಣ್ಣೆ ಎಲ್ಲೂ ಹೋಗಿರಲಿಲ್ಲ, ಹೋಗಿದ್ದು ನನ್ನ ಮೂಗು. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗು ಕೆಲವೇ ನಿಮಿಷದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯೋದು ಬಿಡುತ್ತೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗದ ಹಾಗೆ. ನಾನು ಎರಡು ವಾರದಿಂದ ಚರ್ಮದ ಲೆಕ್ಕ ಬರೆಯುತ್ತಿದ್ದೇನೆ ಅಂದುಕೊಂಡು ಮೂಗಿನ ಸುಸ್ತಿನ ಲೆಕ್ಕ ಬರೆಯುತ್ತಿದ್ದೆ. ದಿನ 2ರ ‘ನಕಲಿ?’ ಹೊಡೆದು ಹಾಕಿದೆ. ಅಕ್ಕನಿಗೆ ಹೇಳದೇ ಇದ್ದದ್ದು ಒಳ್ಳೇದಾಯಿತು.

ಅಂಗಡಿಗಳಲ್ಲಿ ನಡುವೆ ಮೂಸೋಕೆ ಕಾಫಿ ಬೀಜ ಕೊಡ್ತಾರೆ. ಪರೀಕ್ಷೆ ಮಾಡಿ ನೋಡಿದವರಿಗೆ ಕಾಫಿ ಬೀಜಕ್ಕೂ ಬರೀ ಗಾಳಿಗೂ ವ್ಯತ್ಯಾಸ ಕಾಣಲಿಲ್ಲವಂತೆ. ಹೊರಗೆ ಬಂದು ಎರಡು ನಿಮಿಷ ನಿಂತರೆ ಸಾಕು. ಕಾಫಿ ಕುಡಿಯೋಕೆ ಇರಲಿ.

ಇವತ್ತಿನಿಂದ ಪುಸ್ತಕದಲ್ಲಿ ಎರಡು ಸಾಲು: ನನ್ನ ಮೂಗು, ಅಮ್ಮನ ಮೂಗು. ಅಮ್ಮನಿಗೆ ಯಾವ ಸೊನ್ನೆಯಲ್ಲಿ ಏನಿದೆ ಅಂತ ಹೇಳಲ್ಲ.

ದಿನ 16

200 ರೂಪಾಯಿಯ ಗಂಧವನ್ನು ಅಮ್ಮನ ಮೂಗಿಗೆ ಒಡ್ಡಿದೆ. ಐದು ನಿಮಿಷಕ್ಕೆ, ‘ಜೋರಾಗಿದೆ.’ ಎರಡು ಗಂಟೆಗೆ, ‘ಪ್ಲಾಸ್ಟಿಕ್ ಗೊಂಬೆ ವಾಸನೆ.’ ಆರು ಗಂಟೆಗೆ, ‘ಏನೂ ಇಲ್ಲ, ಕೈ ಜಿಡ್ಡು ಅಷ್ಟೆ.’ ಮೊದಲೇ ಎಲ್ಲಾ ಖರ್ಚು ಮಾಡಿ ಆಮೇಲೆ ಕೈ ಖಾಲಿ. ಅಕ್ಕ ಕೊಟ್ಟದ್ದು ಮೆಲ್ಲಗೆ ಬಂದು ಕೂತು ಏಳೋದೇ ಇಲ್ಲ. ಅಸಲಿ ಯಾವುದು ಅಂತ ತಿಳಿಯೋಕೆ ನನಗೆ ಸಿಕ್ಕ ಅಗ್ಗದ ದಾರಿ ಇದೇ, ಕಾಯುವುದು. ಅಂಗಡಿಯ ಕೌಂಟರ್ ಮುಂದೆ ಇದನ್ನು ಮಾಡೋಕಾಗಲ್ಲ ಅನ್ನೋದೇ ತೊಂದರೆ.

ದಿನ 19

ತಪ್ಪು ಮಾಡಿದೆ. ಬರೆದಿಡ್ತೀನಿ, ಬೇರೆಯವರು ಮಾಡದಿರಲಿ.

ಲಾವಂಚಕ್ಕೆ ಮೇಲೊಂದು ಚುರುಕು ಇರಲಿ ಅಂತ, ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆಯನ್ನು ಹಾಗೇ ಕುತ್ತಿಗೆಗೆ ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬೈಕಿನಲ್ಲಿ ಹೋದೆ. ಪರಿಮಳ ಹತ್ತು ನಿಮಿಷವೂ ನಿಲ್ಲಲಿಲ್ಲ. ಎರಡನೇ ದಿನ ಅದೇ ಜಾಗ ಕೆಂಪಾಗಿ ಉರಿ, ಈಗ ಎರಡು ಬೆರಳಗಲ ಕಂದು ಪಟ್ಟೆ. ಹಿಂಡಿದ ನಿಂಬೆ, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು) ಎಣ್ಣೆಗಳಲ್ಲಿ ಫ್ಯೂರೋಕೌಮರಿನ್ ಅನ್ನುವ ಪದಾರ್ಥ ಇರುತ್ತೆ. ಬಿಸಿಲು ಬಿದ್ದರೆ ಚರ್ಮ ಸುಡುತ್ತೆ. ಬಟ್ಟಿ ಇಳಿಸಿದ ನಿಂಬೆ ಎಣ್ಣೆಯಲ್ಲಿ ಆ ಕಾಟ ಇಲ್ಲ. ಬಾಟ್ಲಿ ಮೇಲೆ ಯಾವುದು ಅಂತ ಬರೆದಿತ್ತು, ನಾನು ಓದಿರಲಿಲ್ಲ.

ದಿನ 24

‘ಚರ್ಮದ ಗುಣ’ಕ್ಕೆ ಕೊನೆಗೂ ಬಂದೆ. ಒಂದೇ ಬಾಟ್ಲಿಯ ಮಲ್ಲಿಗೆ, ಒಂದೇ ಹೊತ್ತಿಗೆ, ನನ್ನ ಕೈ ಮತ್ತು ಅಮ್ಮನ ಕೈ. ಮೂಸಲು ಅಕ್ಕ, ಭಾನುವಾರ ಬಂದಿದ್ದಳು. ಅಮ್ಮನ ಚರ್ಮ ಒಣಕಲು, ನನ್ನದು ಎಣ್ಣೆ ಎಣ್ಣೆ.

ಅಮ್ಮನ ಕೈಯಲ್ಲಿ ಒಂದೇ ಗಂಟೆಗೆ ಮಲ್ಲಿಗೆ ಬಾಡಿ, ಎರಡು ಗಂಟೆಗೆ ಬರೀ ನೆನಪು. ನನ್ನ ಕೈಯಲ್ಲಿ ಒಂದು ಗಂಟೆಗೆ ಇನ್ನೂ ಹೂವಾಗಿತ್ತು. ಮಧ್ಯಾಹ್ನ ಅಮ್ಮನ ಇನ್ನೊಂದು ಕೈಗೆ ಮೊದಲು ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ಅದರ ಮೇಲೆ ಅದೇ ಚುಕ್ಕೆ. ಈಗ ಇಬ್ಬರ ಕೈಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಯಿತು. ಹಾಗಾಗಿ ಅಂಗಡಿಯವರ ಮಾತು ಅರ್ಧ ನಿಜ. ಚರ್ಮ ಹೊಸ ವಾಸನೆ ಹುಟ್ಟಿಸಿದ್ದನ್ನು ನಾನು ಕಾಣಲಿಲ್ಲ, ಗಡಿಯಾರ ಹಿಂದೆ ಮುಂದೆ ಮಾಡಿದ್ದನ್ನು ಕಂಡೆ. ಮೂರು ಮೂಗಿನ ಲೆಕ್ಕ ಅಷ್ಟೇ ಇದು, ಆದರೂ ನನಗೆ ಒಪ್ಪಿಗೆಯಾಗಿದೆ.

ಇನ್ನೊಂದು ತಮಾಷೆ. ‘ಬಿಳಿ ಕಸ್ತೂರಿ’ ಅಂತ ಒಂದು ಎಣ್ಣೆ ಇದೆ, ಕಾರ್ಖಾನೆಯಲ್ಲಿ ಮಾಡಿದ್ದು, ಒಗೆದ ಬಟ್ಟೆಯ ವಾಸನೆ. ಅಕ್ಕ ಮೂಸಿ, ‘ಖಾಲಿ ಬಾಟ್ಲಿ ಕೊಟ್ಟು ಆಟ ಆಡಿಸ್ತೀಯಾ?’ ಅಂದಳು. ನಿಜಕ್ಕೂ ಅವಳಿಗೆ ಏನೂ ಬರಲಿಲ್ಲ. ಇಂಥ ಕಸ್ತೂರಿ ಅಣುಗಳು ಕೆಲವರ ಮೂಗಿಗೆ ಹುಟ್ಟಿನಿಂದಲೇ ಕಾಣಲ್ಲ. ಬೇರೆ ಎಲ್ಲವೂ ಸರಿಯಾಗೇ ಗೊತ್ತಾಗುತ್ತೆ. ಈಗ ಅವಳನ್ನು ಪರೀಕ್ಷಕಿ ಅಂತ ಎಷ್ಟು ನಂಬಬೇಕು ಅನ್ನೋ ಚಿಂತೆ.

ದಿನ 30

ಮಳೆ. ಮಣ್ಣಿನ ಅತ್ತರಿಗೆ ಇಂಥ ದಿನವೇ ಬೇಕಿತ್ತು.

ಕನೌಜಿನಲ್ಲಿ ಸುಟ್ಟ ಮಣ್ಣಿನ ಚೂರುಗಳನ್ನು ತಾಮ್ರದ ಹಂಡೆಗೆ ಹಾಕಿ ನೀರಿನ ಜೊತೆ ಕಾಯಿಸ್ತಾರೆ. ಆವಿ ಬಿದಿರ ಕೊಳವೆ ಹಿಡಿದು ಇನ್ನೊಂದು ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಇಳಿಯುತ್ತೆ. ಅಂದರೆ ಈ ಅತ್ತರಿನ ಅಡಿಪಾಯ ಶ್ರೀಗಂಧ. ಈಗ ದುಬಾರಿ ಅಂತ ಎಷ್ಟೋ ಕಡೆ ಪ್ಯಾರಾಫಿನ್ ಎಣ್ಣೆಗೆ ಇಳಿಸ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್ ಮಳೆ ಬಿದ್ದ ನೆಲದ ವಾಸನೆಗೆ ‘ಪೆಟ್ರಿಕೋರ್’ ಅಂತ ಹೆಸರಿಟ್ಟ ಲೇಖನದಲ್ಲಿ ಈ ಅತ್ತರಿನ ಮಾತೂ ಇದೆ. ಅವರು ಹೆಸರಿಡುವ ಎಷ್ಟೋ ಮೊದಲೇ ನಮ್ಮವರು ಅದನ್ನು ಬಾಟ್ಲಿಗೆ ತುಂಬಿದ್ದರು.

ಒಂದು ಕೈಗೆ ಅತ್ತರು ಹಚ್ಚಿ, ಕಿಟಕಿ ತೆಗೆದು ಹೊರಗಿನದ್ದನ್ನೂ ಮೂಸಿದೆ. ಹೊರಗಿನದ್ದು ಹಸಿ, ಸ್ವಲ್ಪ ಬೀಟ್‌ರೂಟ್. ಕೈಯಲ್ಲಿರುವುದು ಒಣಗಿದ ಹೊಸ ಮಡಿಕೆಗೆ ಮೊದಲ ಸಲ ನೀರು ಹಾಕಿದ ಹಾಗೆ. ಮಣ್ಣು ಒಂದೇ ಆದರೂ ಒಂದು ಬಯಲಿನದು, ಒಂದು ಒಲೆಯದು. ಎರಡು ಗಂಟೆಗೆ ಮಡಿಕೆ ಹಿಂದೆ ಸರಿದು, ಆರಕ್ಕೆ ಅಮ್ಮನ ಸಾಲಿನಲ್ಲಿ ಬರೆದದ್ದು: ‘ಮತ್ತೆ ಗಂಧ.’ ಅವರಿಗೆ ಅಡಿಪಾಯದ ವಿಷಯ ನಾನು ಹೇಳಿರಲಿಲ್ಲ. ಪ್ಯಾರಾಫಿನ್ ಅಲ್ಲ ಅಂತಾಯಿತು, ಕನಿಷ್ಠ ಪೂರ್ತಿ ಅಲ್ಲ.

ದಿನ 41

ನೋಟ್‌ಬುಕ್ ತುಂಬುತ್ತಾ ಬಂತು. ಮುಂದಿನದಕ್ಕೆ ಕೇದಗೆ, ಸಂಪಿಗೆ ತರಬೇಕು. ಸಂಪಿಗೆಗೆ ಹೆದರಿಕೆ, ಅದರ ತಲೆನೋವು ಹೂವಿನಲ್ಲೇ ಸಾಕಷ್ಟಿದೆ.

ಇವತ್ತು ಸುಮ್ನೆ ಒಂದೇ ಸೊನ್ನೆ. ಬೆಳಿಗ್ಗೆ ಏಳಕ್ಕೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಅಕ್ಕನ ಶ್ರೀಗಂಧ. ಆಫೀಸು, ಬಸ್ಸು, ಮಧ್ಯಾಹ್ನದ ಊಟ, ಎರಡು ಸಲ ಕೈ ತೊಳೆದದ್ದು, ಎಲ್ಲಾ ಆಯಿತು. ರಾತ್ರಿ ಒಂಬತ್ತೂವರೆಗೆ ಮೂಸಿದೆ. ನನ್ನ ಸಾಲಿನಲ್ಲಿ ‘ಇಲ್ಲ’ ಅಂತ ಬರೆದು, ಟೀವಿ ನೋಡುತ್ತಿದ್ದ ಅಮ್ಮನ ಮೂಗಿನ ಮುಂದೆ ಕೈ ಹಿಡಿದೆ. ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

‘ಇದೆ ಕಣೋ. ಸರಿ, ಪಕ್ಕಕ್ಕೆ ಬಾ, ಕಾಣ್ತಿಲ್ಲ.’

ಅವರ ಸಾಲಿನಲ್ಲಿ ಬರೆದೆ: ‘ಇದೆ.’