ಲೆಕ್ಕದ ಮುಂದೆ ಕೂರುವ ಅಭ್ಯಾಸ

ಹಣದ ವಿಚಾರದಲ್ಲಿ ಸಲಹೆ ಕೊಡುವವರು ಸಾಮಾನ್ಯವಾಗಿ ಬಜೆಟ್‌ನಿಂದ ಆರಂಭಿಸುತ್ತಾರೆ. ಇಷ್ಟು ಉಳಿಸಿ, ಇಷ್ಟು ಹೂಡಿ, ಇಷ್ಟರೊಳಗೆ ಖರ್ಚು ಮಾಡಿ ಎನ್ನುತ್ತಾರೆ. ಆ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ತನ್ನ ಖಾತೆಯಲ್ಲಿ ನಿಜವಾಗಿ ಎಷ್ಟಿದೆ, ಸಾಲ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಕಣ್ಣಾರೆ ನೋಡಲು ಮನುಷ್ಯ ಸಿದ್ಧನಾಗಿಯೇ ಕುಳಿತಿದ್ದಾನೆ ಎಂದು ಆ ಸಲಹೆಗಳು ನಂಬಿಕೊಂಡಿರುತ್ತವೆ. ನಾನು ಕಂಡಂತೆ ಬಹಳ ಜನರಿಗೆ ಕಷ್ಟವಾಗುವುದು ಆ ನೋಟವೇ. ಗುಣಾಕಾರ, ಭಾಗಾಕಾರ ಬಲ್ಲವರು, ಕಚೇರಿಯಲ್ಲಿ ಇನ್ನೊಬ್ಬರ ಲಕ್ಷಾಂತರದ ಲೆಕ್ಕವನ್ನು ನಿರಾತಂಕವಾಗಿ ನೋಡಿಕೊಳ್ಳುವವರು ಕೂಡ ತಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲನ್ನು ತೆರೆಯದೆ ದಿನ ದೂಡುತ್ತಾರೆ.

ಇದನ್ನು ಸೋಮಾರಿತನವೆಂದು ಬೈಯುವುದು ಸುಲಭ, ಆದರೆ ಅದು ಅನ್ಯಾಯ. 1979ರಲ್ಲಿ ಡೇನಿಯಲ್ ಕಾನಿಮನ್ ಮತ್ತು ಏಮೊಸ್ ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು, ಒಂದು ಮೊತ್ತ ಕೈಗೆ ಬಂದಾಗ ಆಗುವ ಸಂತೋಷಕ್ಕಿಂತ ಅಷ್ಟೇ ಮೊತ್ತ ಕೈತಪ್ಪಿದಾಗ ಆಗುವ ನೋವು ದೊಡ್ಡದು ಎಂದು ತೋರಿಸಿದರು. ಮುಂದೆ ಅವರೇ ಮಾಡಿದ ಅಂದಾಜಿನಂತೆ ಆ ನೋವಿನ ತೂಕ ಸಂತೋಷದ ಎರಡು ಪಟ್ಟಿಗಿಂತ ತುಸು ಹೆಚ್ಚು. ನೋಯುತ್ತದೆ ಎಂದು ಗೊತ್ತಿರುವ ಕಡೆಗೆ ಕಣ್ಣು ತಾನಾಗಿ ಹೊರಳುವುದಿಲ್ಲ. ಷೇರು ಮಾರುಕಟ್ಟೆ ಏರುತ್ತಿರುವಾಗ ಹೂಡಿಕೆದಾರರು ತಮ್ಮ ಖಾತೆಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ, ಇಳಿಯುತ್ತಿರುವಾಗ ಅತ್ತ ಸುಳಿಯುವುದು ಕಡಿಮೆಯಾಗುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಮಾಹಿತಿಯ ಅಗತ್ಯ ಹೆಚ್ಚಾದ ಹೊತ್ತಿನಲ್ಲೇ ನಾವು ಮಾಹಿತಿಯಿಂದ ದೂರ ಸರಿಯುತ್ತೇವೆ ಎಂದಾಯಿತು.

ನೋವಿನ ಜೊತೆಗೆ ನಾಚಿಕೆಯೂ ಬೆರೆತಿರುತ್ತದೆ. ಖಾತೆಯಲ್ಲಿರುವ ಅಂಕಿಯನ್ನು ನಾವು ಹಣದ ಅಳತೆಯಾಗಿ ಓದುವುದು ಕಡಿಮೆ, ನಮ್ಮ ಯೋಗ್ಯತೆಗೆ ಯಾರೋ ಕೊಟ್ಟ ಅಂಕವೆಂದು ಓದುವುದೇ ಹೆಚ್ಚು. ದುಡ್ಡಿನ ಮಾತು ಬಂದ ಕೂಡಲೇ ದೊಡ್ಡವರು ದನಿ ತಗ್ಗಿಸುತ್ತಿದ್ದ ಮನೆಯಲ್ಲಿ ಬೆಳೆದ ಮಗುವಿಗೆ, ಅದು ಬಾಯಿಬಿಟ್ಟು ಹೇಳಬಾರದ ವಿಷಯವೆಂಬ ಪಾಠ ಯಾರೂ ಕಲಿಸದೆಯೇ ಸಿಕ್ಕಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಕತ್ತಲಲ್ಲಿ ಮಲಗಿದವನಿಗೆ ಹಾಸಿಗೆಯ ಉದ್ದ ತಿಳಿಯುವುದು ಹೇಗೆ? ಮೊದಲು ಯಾರಾದರೂ ದೀಪ ಹಚ್ಚಬೇಕು.

ನೋಡದೆ ಇರುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂದು ತಿಳಿಯಲು ಕ್ರೆಡಿಟ್ ಕಾರ್ಡ್ ಬಿಲ್ಲಿನ ಒಂದೇ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಸಾಕು. ಒಟ್ಟು ಬಾಕಿಯ ಪಕ್ಕದಲ್ಲೇ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತ ಇರುತ್ತದೆ. ಭಯದಲ್ಲಿರುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ, ಅಷ್ಟನ್ನು ಕಟ್ಟಿದರೆ ಈ ತಿಂಗಳ ಮಟ್ಟಿಗೆ ಪಾರಾದೆವು ಎಂಬ ನಿರಾಳ ಸಿಗುತ್ತದೆ. ಬಾಕಿ ನೂರು, ಬಡ್ಡಿ ತಿಂಗಳಿಗೆ ಶೇಕಡಾ 3, ನಾವು ಪ್ರತಿ ತಿಂಗಳೂ ಆಗಿನ ಬಾಕಿಯ ಶೇಕಡಾ 5ರಷ್ಟನ್ನು ಮಾತ್ರ ಕಟ್ಟುತ್ತೇವೆ, ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ ಎಂದು ಇಟ್ಟುಕೊಳ್ಳೋಣ. ಕಟ್ಟಿದ ಐದರಲ್ಲಿ ಮೂರು ಬಡ್ಡಿಗೆ ಹೋಗಿ, ಅಸಲು ಕರಗುವುದು ಎರಡೇ. ಹೀಗೆ 3 ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಮೇಲೆ, ನಾವು ಕೊಟ್ಟಿರುವುದು ಒಟ್ಟು ಸುಮಾರು 129. ಬಾಕಿ ಉಳಿದಿರುವುದು ಇನ್ನೂ 48. ಪಡೆದ ಸಾಲಕ್ಕಿಂತ ಹೆಚ್ಚನ್ನು ತೀರಿಸಿಯೂ ಅರ್ಧದಷ್ಟು ಸಾಲ ತಲೆಯ ಮೇಲೆಯೇ ಇರುತ್ತದೆ. ಈ ಲೆಕ್ಕವನ್ನು ಒಮ್ಮೆ ಸ್ವಂತ ಕೈಯಿಂದ ಬರೆದು ನೋಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಬೇರೆಯವರು ಎಷ್ಟು ಎಚ್ಚರಿಸಿದರೂ ನಾಟದ ಸಂಗತಿ ತಾನೇ ಬರೆದಾಗ ನಾಟುತ್ತದೆ.

ನಾನು ರೂಢಿಸಿಕೊಂಡಿರುವುದು ಬಹಳ ಸರಳವಾದ ಕ್ರಮ. ವಾರದಲ್ಲಿ ಒಂದು ಗೊತ್ತಾದ ಹೊತ್ತಿನಲ್ಲಿ, ಮನಸ್ಸು ಶಾಂತವಾಗಿರುವಾಗ, ಖಾತೆಯ ವಿವರವನ್ನು ತೆರೆದು ಒಂದೊಂದೇ ಸಾಲನ್ನು ಓದುತ್ತೇನೆ. ಆ ಹೊತ್ತಿನಲ್ಲಿ ತೀರ್ಮಾನ ಮಾಡುವಂತಿಲ್ಲ, ನನ್ನನ್ನು ನಾನು ಹಳಿದುಕೊಳ್ಳುವಂತಿಲ್ಲ. ಇದು ಯಾವುದು, ಯಾಕೆ ಹೋಯಿತು ಎಂದು ಗುರುತಿಸುವುದಷ್ಟೇ ಕೆಲಸ. ಯಾವ ಕಾಲದಲ್ಲೋ ಚಂದಾದಾರರಾಗಿ, ಈಗ ತೆರೆದೂ ನೋಡದ ಆ್ಯಪೊಂದಕ್ಕೆ ತಿಂಗಳು ತಿಂಗಳೂ ತಾನಾಗಿ ಕಡಿತವಾಗುತ್ತಿರುವ ಹಣ ಸಿಗುವುದು ಇಂಥ ಓದಿನಲ್ಲೇ. ಬೇಸರವಾದ ಸಂಜೆಗಳಲ್ಲಿ ಮಾಡಿದ ಖರೀದಿಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರುವುದು ಕಾಣುವುದೂ ಇಲ್ಲಿಯೇ, ಮತ್ತು ಅವುಗಳನ್ನು ಕಂಡಾಗ ಮುಂದಿನ ಪ್ರಶ್ನೆ ಹಣದ್ದಾಗಿರದೆ ಆ ಬೇಸರದ್ದಾಗಿರುತ್ತದೆ. ತೀರ್ಮಾನಗಳಿಗೆ ಬೇರೆಯ ದಿನವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ನೋಡಿ ತಿಳಿದದ್ದನ್ನು ಕಾರ್ಯಕ್ಕೆ ತರುವಾಗ ಮನೋಬಲದ ಮೇಲೆ ಹೆಚ್ಚು ಭಾರ ಹಾಕಬಾರದು ಎಂದು ನನಗನ್ನಿಸುತ್ತದೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಯೋಜನೆಯೊಂದರಲ್ಲಿ, ನೌಕರರು ಮುಂದೆ ಸಂಬಳ ಏರಿದಾಗಲೆಲ್ಲ ಆ ಏರಿಕೆಯ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಎಂದು ಮೊದಲೇ ಒಪ್ಪಿಕೊಂಡಿದ್ದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಏರಿತು. ಕೈಗೆ ಬಂದ ಹಣವನ್ನು ಯಾರೂ ಕಿತ್ತುಕೊಂಡಂತೆ ಅವರಿಗೆ ಅನ್ನಿಸಲಿಲ್ಲ, ಹಾಗಾಗಿ ನೋವೂ ಆಗಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಆದಾಯವೇ ಸಾಕಾಗದವರಿಗೆ ಲೆಕ್ಕ ನೋಡು ಎಂಬ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಕಟಾವಿಗೆ ಮುನ್ನ ಕೈ ಬರಿದಾಗಿದ್ದಾಗ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಅದೇ ರೈತರು, ಕಟಾವಿನ ಹಣ ಬಂದ ಮೇಲೆ ಹೆಚ್ಚು ಚೆನ್ನಾಗಿ ಉತ್ತರಿಸಿದರು. ಮನುಷ್ಯ ಅದೇ, ಬುದ್ಧಿ ಅದೇ. ಕೊರತೆಯ ಚಿಂತೆ ತಲೆಯಲ್ಲಿ ಜಾಗ ಹಿಡಿದಿತ್ತು. ಬಡವರಿಗೆ ಹಣ ನಿಭಾಯಿಸಲು ಬರುವುದಿಲ್ಲ ಎಂದು ಹಗುರವಾಗಿ ಮಾತಾಡುವವರು ಇದನ್ನು ನೆನಪಿಡಬೇಕು. ಕೈ ಬಿಗಿಯಿರುವ ಕಾಲದಲ್ಲಿ ಲೆಕ್ಕಕ್ಕೆ ಕೂತಾಗ ಒಂದೇ ಪ್ರಶ್ನೆ ಸಾಕು: ಮುಂದಿನ ಹಣ ಬರುವವರೆಗೆ ಯಾವುದನ್ನು ತಪ್ಪಿಸಲಾಗದು, ಯಾವುದಕ್ಕೆ ಕಾಲಾವಕಾಶ ಕೇಳಬಹುದು? ಸಾಲ ಕೊಟ್ಟವರೊಡನೆ ಕಂತು ತಪ್ಪುವ ಮೊದಲೇ ಮಾತಾಡುವುದಕ್ಕೂ ತಪ್ಪಿದ ಮೇಲೆ ಮಾತಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಒಂದೇ ಸೂರಿನಡಿ ಬದುಕುವವರು ಈ ನೋಟವನ್ನು ಹಂಚಿಕೊಳ್ಳಬೇಕು. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಎಲ್ಲ ಖಾತೆಗಳೂ ಗೊತ್ತಿರುವುದು ಅನುಕೂಲವೆಂದು ಕಂಡರೂ, ಭಯವನ್ನು ಒಬ್ಬರೇ ಹೊತ್ತು ಇನ್ನೊಬ್ಬರು ಕಾರಣ ತಿಳಿಯದ ಸಿಡುಕನ್ನು ಸಹಿಸುವಂತಾಗುತ್ತದೆ.

ನೋಡುವ ಅಭ್ಯಾಸ ಅತಿಯಾಗಲೂಬಹುದು. ದಿನಕ್ಕೆ ಹಲವು ಬಾರಿ ಖಾತೆ ಪರೀಕ್ಷಿಸುವವರನ್ನೂ, ಎಂದೂ ನೋಡದವರನ್ನೂ ಆಳುತ್ತಿರುವುದು ಒಂದೇ ಭಯ ಎಂಬುದು ನನ್ನ ಬಲವಾದ ನಂಬಿಕೆ. ದಿನನಿತ್ಯದ ಖರ್ಚಿಗೆ ವಾರಕ್ಕೊಮ್ಮೆ, ಸಾಲಕ್ಕೆ ತಿಂಗಳಿಗೊಮ್ಮೆ, ಹತ್ತಾರು ವರ್ಷಗಳ ನಂತರ ಬೇಕಾಗುವ ಹೂಡಿಕೆಗೆ ವರ್ಷಕ್ಕೆ ಒಂದೆರಡು ಸಲ ಎಂದು ನಾನು ಗೊತ್ತುಮಾಡಿಕೊಂಡಿದ್ದೇನೆ. ಆ ನಡುವಿನ ದಿನಗಳಲ್ಲಿ ಖಾತೆಯನ್ನು ತೆರೆಯುವುದಿಲ್ಲ.