ಪುಸ್ತಕ ಇರುವಾಗ ಕವಿಯ ದನಿ ಯಾಕೆ ಬೇಕು?

ಐರ್ಲೆಂಡಿನ ಕವಿ ಶೇಮಸ್ ಹೀನಿಯ ಮಾತು ಬಂದಾಗಲೆಲ್ಲ ನಾನು ‘ಅವರ ಕವಿತೆ ಕೇಳಿ’ ಅನ್ನುತ್ತೇನೆ. ತಕ್ಷಣ ಪ್ರಶ್ನೆ ಬರುತ್ತದೆ: ‘ಪುಸ್ತಕ ಇದೆಯಲ್ಲ, ಓದಿಕೊಂಡರೆ ಆಯ್ತಲ್ವಾ? ಆ ಐರಿಷ್ ಉಚ್ಚಾರ ಬೇರೆ, ಅರ್ಧ ತಿಳಿಯೋದೇ ಇಲ್ಲ.’

ನಾನೂ ಮೊದಲು ಓದಿದ್ದು ಪುಸ್ತಕದಲ್ಲೇ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. 1966ರಲ್ಲಿ ಬಂದ ಅವರ ಮೊದಲ ದೊಡ್ಡ ಸಂಕಲನದ ಮೊದಲ ಕವಿತೆ ‘ಡಿಗ್ಗಿಂಗ್’. ಕಿಟಕಿಯ ಬಳಿ ಪೆನ್ನು ಹಿಡಿದು ಕೂತ ಮಗ, ಕೆಳಗೆ ಮಣ್ಣು ಅಗೆಯುತ್ತಿರುವ ಅಪ್ಪ. ಅಲ್ಲಿಂದ ನೆನಪು ಅಜ್ಜನ ಕಡೆ ಹೋಗುತ್ತದೆ. ಜೌಗು ನೆಲದಿಂದ ಮಣ್ಣಿನ ಹೆಂಟೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕುವುದು ಅಲ್ಲಿನ ರೂಢಿ. ಆ ಹೆಂಟೆಗೇ ಟರ್ಫ್ ಅನ್ನುತ್ತಾರೆ. ಅದನ್ನು ಕತ್ತರಿಸುತ್ತಿದ್ದ ಅಜ್ಜನಿಗೆ ಹುಡುಗ ಬಾಟಲಿಯಲ್ಲಿ ಹಾಲು ತಂದುಕೊಡುತ್ತಾನೆ. ಬಾಟಲಿಯ ಬಾಯಿಗೆ ಕಾಗದದ ಬಿರಡೆ. ಅಜ್ಜ ನೆಟ್ಟಗೆ ನಿಂತು ಕುಡಿದು, ಮತ್ತೆ ಬಗ್ಗಿ ಕೆಲಸಕ್ಕೆ ಇಳಿಯುತ್ತಾನೆ. ಈ ಕವಿತೆಯಲ್ಲಿ ‘ಸ್ಕ್ವೆಲ್ಚ್’, ‘ಸ್ಲ್ಯಾಪ್’ ಅನ್ನುವ ಪದಗಳಿವೆ. ನಿಘಂಟಿನಲ್ಲಿ ಅವಕ್ಕೆ ಅರ್ಥ ಸಿಕ್ಕಿತು, ಅಷ್ಟೇ. ಹೀನಿ ಓದುವಾಗ ಒದ್ದೆ ಮಣ್ಣು ಸಲಿಕೆಯಿಂದ ಜಾರಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ನಾನು ಆ ಪದಗಳನ್ನು ಬಾಯಿಬಿಟ್ಟು ಹೇಳದೆ ಓದಿಲ್ಲ.

ಅವರ ಕಿವಿ ತಯಾರಾದ ಬಗೆಯೇ ಹಾಗೆ. 1939ರಲ್ಲಿ ಉತ್ತರ ಐರ್ಲೆಂಡಿನ ಡೆರಿ ಕೌಂಟಿಯ ಒಂದು ಹುಲ್ಲು ಹೊದಿಸಿದ ಮನೆಯಲ್ಲಿ ಹುಟ್ಟಿದವರು. ಅಪ್ಪ ಬೇಸಾಯ, ದನದ ವ್ಯಾಪಾರ ಮಾಡುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ಇವರೇ ದೊಡ್ಡವರು. ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದ ಆ ದಿನಗಳನ್ನು 1995ರ ನೊಬೆಲ್ ಭಾಷಣದಲ್ಲಿ ಅವರೇ ನೆನೆದಿದ್ದಾರೆ. ಮರದಿಂದ ಇಳಿದ ಏರಿಯಲ್ ತಂತಿ ಕಿಟಕಿಯ ಚೌಕಟ್ಟಿನ ತೂತಿನಿಂದ ಒಳಗೆ ಬರುತ್ತಿತ್ತಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1972ರ ‘ವಿಂಟರಿಂಗ್ ಔಟ್’ ಸಂಕಲನದ ಒಂದು ಪುಟ್ಟ ಕವಿತೆ. ಅವರ ಊರಿನ ಕಡೆಯ ಒಂದು ಜಾಗದ ಹೆಸರೇ ಅದರ ಶೀರ್ಷಿಕೆ. ಐರಿಷ್‌ನಲ್ಲಿ ಆ ಹೆಸರಿಗೆ ನದಿಯ ದಡ ಅಂತ ಅರ್ಥ. ಕನ್ನಡದಲ್ಲಿ ಬರೆಯಬೇಕೆಂದರೆ ಹತ್ತಿರ ಹತ್ತಿರ ‘ಬ್ರೋಖ್’. ಕೊನೆಯ ಸದ್ದನ್ನು ಗಂಟಲಿನ ಹಿಂದೆ ಉಜ್ಜಿ ತರಬೇಕು. ಹೊರಗಿನವರಿಗೆ ಆ ಕೊನೆಯ ಸದ್ದೇ ಕಷ್ಟ ಅನ್ನುವಲ್ಲಿಗೆ ಕವಿತೆ ಮುಗಿಯುತ್ತದೆ. ಯಾರು ಕ್ಯಾಥೊಲಿಕ್, ಯಾರು ಪ್ರಾಟೆಸ್ಟಂಟ್ ಅನ್ನುವುದನ್ನು ಒಂದು ಅಕ್ಷರದ ಉಚ್ಚಾರದಿಂದಲೇ ಅಳೆಯುತ್ತಿದ್ದ ನಾಡು ಅದು. ಆದರೆ ಈ ಸದ್ದು ಎರಡೂ ಕಡೆಯವರ ಬಾಯಲ್ಲಿ ಬರುತ್ತದೆ. ಊರಿನ ಸದ್ದು ಅದು. ನಮ್ಮ ‘ಳ’ ಇದೆಯಲ್ಲ, ಹೊರಗಿನಿಂದ ಬಂದ ಎಷ್ಟೋ ಜನರ ನಾಲಿಗೆಗೆ ಹೊರಳದ ಆ ‘ಳ’, ಅದನ್ನು ನೆನೆಸಿಕೊಂಡರೆ ಹೀನಿ ಏನು ಹೇಳುತ್ತಿದ್ದಾರೆ ಅಂತ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಪುಸ್ತಕದಲ್ಲಿ ಈ ಕವಿತೆ ಓದಿದಾಗ ನಾನೂ ಆ ಹೊರಗಿನವರಲ್ಲಿ ಒಬ್ಬ. ಅವರ ದನಿಯಲ್ಲಿ ಕೇಳಿದ ಮೇಲೆ ಸದ್ದು ನನ್ನ ಬಾಯಿಗೂ ಬಂತು.

ಉಚ್ಚಾರದ ಭಯ ಬೇಡ. ಹೀನಿ ನಿಧಾನವಾಗಿ ಓದುತ್ತಾರೆ. ಮೊದಲ ಸಲ ಸಾಲುಗಳ ಮೇಲೆ ಬೆರಳಿಟ್ಟು ಕೇಳಿ, ಎರಡನೇ ಸಲ ಪುಸ್ತಕ ಮುಚ್ಚಿ. ಅವರಿಗೆ ಎಪ್ಪತ್ತು ತುಂಬಿದ 2009ರಲ್ಲಿ ಐರ್ಲೆಂಡಿನ ಪ್ರಸಾರ ಸಂಸ್ಥೆ ಆರ್‌ಟಿಇ, ಅವರು ತಮ್ಮ ಸಂಕಲನಗಳನ್ನು ತಾವೇ ಓದಿದ 15 ಸಿಡಿಗಳ ಕಟ್ಟು ಹೊರತಂದಿತು. 2013ರಲ್ಲಿ ಅವರು ತೀರಿಕೊಂಡರು. ದನಿ ಮಾತ್ರ ಹಾಗೇ ಇದೆ.

‘ಮಿಡ್-ಟರ್ಮ್ ಬ್ರೇಕ್’ ಕವಿತೆ ಕೇಳುವುದಾದರೆ ಮಾತ್ರ ಬಸ್ಸಿನಲ್ಲಿ, ಗಲಾಟೆಯಲ್ಲಿ ಕೇಳಬೇಡಿ. ಹೀನಿಯ ನಾಲ್ಕು ವರ್ಷದ ತಮ್ಮ 1953ರಲ್ಲಿ ಕಾರು ಬಡಿದು ಸತ್ತ. ಹಾಸ್ಟೆಲಿನಲ್ಲಿದ್ದ ಅಣ್ಣನನ್ನು ಮನೆಗೆ ಕರೆತರುತ್ತಾರೆ. ಬಾಗಿಲಲ್ಲಿ ಅಪ್ಪ ಅಳುತ್ತಿದ್ದಾರೆ. ತೊಟ್ಟಿಲಗಾಡಿಯಲ್ಲಿ ಕೂಸು ನಗುತ್ತಿದೆ. ಮುದುಕರು ಎದ್ದು ನಿಂತು ಹುಡುಗನ ಕೈ ಕುಲುಕುತ್ತಾರೆ, ಅವನಿಗೆ ಮುಜುಗರ. ಇಷ್ಟನ್ನೂ ಹೀನಿ ದನಿ ಏರಿಸದೆ ಓದುತ್ತಾರೆ. ಒಂದು ಪದವನ್ನೂ ಒತ್ತಿ ಹೇಳಿ ನಮ್ಮ ಕಣ್ಣಲ್ಲಿ ನೀರು ತರಿಸಲು ನೋಡುವುದಿಲ್ಲ. ಮೂರು ಮೂರು ಸಾಲಿನ ಪದ್ಯಗಳು ಮುಗಿದು, ಕೊನೆಗೆ ಒಂದೇ ಒಂದು ಸಾಲು ಬೇರೆಯಾಗಿ ನಿಂತಿದೆ. ನಾಲ್ಕು ಅಡಿಯ ಪೆಟ್ಟಿಗೆ, ವರ್ಷಕ್ಕೊಂದು ಅಡಿ. ಪುಟದ ಮೇಲೆ ಆ ಸಾಲಿನ ಮುಂಚೆ ಬರೀ ಬಿಳಿ ಜಾಗ ಕಾಣುತ್ತದೆ. ಕೇಳುವಾಗ ಅಲ್ಲಿ ಅವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಾವೂ ಕಾಯಬೇಕು.