ಕೈಗಡದ ಬೆಳಕು

ಮಕ್ಕಳ ವಿಜ್ಞಾನ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಒಂದೇ ಪುಟದಲ್ಲಿ ‘ಫ್ಲೋರೆಸೆಂಟ್’ ಬಂತು, ಅದರ ಕೆಳಗೇ ‘ಫಾಸ್ಫೊರೆಸೆಂಟ್’. ಎರಡಕ್ಕೂ ‘ಹೊಳೆಯುವ’ ಅಂತ ಬರೆದು ಮುಂದೆ ಹೋದೆ. ಕರಡು ವಾಪಸ್ ಬಂದಾಗ ಎರಡೂ ಕಡೆ ಕೆಂಪು ಸುತ್ತು, ಪಕ್ಕದಲ್ಲೊಂದು ಸಾಲು: ‘ಕನ್ನಡಿಯೂ ಹೊಳೆಯುತ್ತದಲ್ಲ?’ ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ, ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ರಾತ್ರಿ ಮೇಜಿನ ಮೇಲೆ ಹಳದಿ ಹೈಲೈಟರ್‌ನಲ್ಲಿ ಗೀಚಿದ ಕಾಗದ ಇಟ್ಟೆ. ಪಕ್ಕದಲ್ಲಿ, ಮಗಳ ಕೋಣೆಯ ಗೋಡೆಯಿಂದ ಕಿತ್ತು ತಂದ ನಕ್ಷತ್ರದ ಸ್ಟಿಕ್ಕರ್. (ಕೇಳದೆ ಕಿತ್ತದ್ದು.) ದೀಪ ಆರಿಸಿ ಎರಡರ ಮೇಲೂ ನೇರಳಾತೀತ ಟಾರ್ಚ್ ಬಿಟ್ಟೆ. ಗೀಚು ಕಣ್ಣಿಗೆ ರಾಚುವಂತೆ ಉರಿಯಿತು. ಟಾರ್ಚ್ ಆರಿಸಿದ್ದೇ ತಡ, ಗೀಚು ಮಾಯ. ನಕ್ಷತ್ರ ಮಾತ್ರ ಮಂಕು ಹಸಿರಾಗಿ ಅಲ್ಲೇ ಕೂತಿತ್ತು. ಅದರ ಬೆಳಕಿಗೆ ನನ್ನ ಹೆಬ್ಬೆರಳಿನ ಉಗುರು ಕಾಣುತ್ತಿತ್ತು.

ಎರಡೂ ಬೆಳಕನ್ನು ಕೈಗಡ ತರುವ ವಸ್ತುಗಳೇ. ಫ್ಲೋರೆಸೆಂಟ್ ಆದದ್ದು ಆ ಸಾಲವನ್ನು ನ್ಯಾನೊಸೆಕೆಂಡುಗಳ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ ತೀರಿಸಿಬಿಡುತ್ತದೆ. ಕೊಡುವವರು ನಿಲ್ಲಿಸಿದರೆ ಕೈ ಖಾಲಿ. ಫಾಸ್ಫೊರೆಸೆಂಟ್ ಆದದ್ದು ಕಂತಿನಲ್ಲಿ ತೀರಿಸುತ್ತದೆ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಮಿನುಗುವ ಪುಡಿ ಇರುವ ಸ್ಟಿಕ್ಕರ್ ಆದರೆ ಶಕ್ತಿ ಹರಳಿನೊಳಗೆ ಸಿಕ್ಕಿಬಿದ್ದು, ಗಂಟೆಗಟ್ಟಲೆ ಚೂರುಚೂರಾಗಿ ಹೊರಬರುತ್ತದೆ.

ಸಾಲ ಯಾರು ಕೊಟ್ಟರೂ ನಡೆಯುವುದಿಲ್ಲ ಅನ್ನುವುದೂ ಗೊತ್ತಾಯಿತು. ನಕ್ಷತ್ರ ಪೂರ್ತಿ ಮಂಕಾಗಲೆಂದು ಒಂದು ದಿನ ಡ್ರಾಯರ್‌ನಲ್ಲಿಟ್ಟು, ಮರುರಾತ್ರಿ ಸೈಕಲ್ಲಿನ ಹಿಂದಿನ ಕೆಂಪು ದೀಪವನ್ನು ಅದಕ್ಕೆ ಒತ್ತಿ ಹಿಡಿದೆ. ಐದು ನಿಮಿಷವಾದರೂ ಏನೂ ಆಗಲಿಲ್ಲ. ನೀಲಿ ಎಲ್‌ಇಡಿ ಹಿಡಿದರೆ ಎರಡೇ ಸೆಕೆಂಡಿಗೆ ಎಚ್ಚರವಾಯಿತು. ಕೆಂಪು ಬೆಳಕಿನ ಒಂದೊಂದು ಕಣದಲ್ಲೂ ಶಕ್ತಿ ಕಡಿಮೆ. ಎಷ್ಟು ಹೊತ್ತು ಸುರಿದರೂ ಆ ಕೊರತೆ ತುಂಬುವುದಿಲ್ಲ.

ಹೆಸರುಗಳ ಕಥೆಯೇ ನನ್ನನ್ನು ಹೆಚ್ಚು ನಗಿಸಿದ್ದು. ‘ಫ್ಲೋರೆಸೆನ್ಸ್’ ಅನ್ನುವ ಪದವನ್ನು ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಕಟ್ಟಿದರು. ಅದೇನೋ ಸರಿ. ಆದರೆ ಇನ್ನೊಂದು ಪದ ನೆನಪಿಸುವ ಫಾಸ್ಫರಸ್ ಇದೆಯಲ್ಲ, ನಮ್ಮ ರಂಜಕ, 1669ರಲ್ಲಿ ರಸವಾದಿ ಹೆನಿಗ್ ಬ್ರ್ಯಾಂಡ್ ಮೂತ್ರ ಕಾಯಿಸಿ ಕಾಯಿಸಿ ಪಡೆದದ್ದು, ಅದು ಫಾಸ್ಫೊರೆಸೆಂಟೇ ಅಲ್ಲ! ಬಿಳಿ ರಂಜಕ ಮಿನುಗುವುದು ಗಾಳಿಯ ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೆ ಯಾರ ಬೆಳಕಿನ ಸಾಲವೂ ಬೇಡ. ಟ್ಯೂಬ್‌ಲೈಟಿನದು ಇನ್ನೊಂದು ಫಜೀತಿ. ಒಳಗೆ ಪಾದರಸದ ಆವಿ ಬಿಡುವ ನೇರಳಾತೀತ ಕಿರಣವನ್ನು ಬಿಳಿ ಬೆಳಕಾಗಿಸುವ ಲೇಪಕ್ಕೆ ‘ಫಾಸ್ಫರ್’ ಅಂತ ಹೆಸರು, ದೀಪಕ್ಕೆ ಮಾತ್ರ ‘ಫ್ಲೋರೆಸೆಂಟ್’.

ಪ್ರತಿದೀಪ್ತಿ, ಸ್ಫುರದೀಪ್ತಿ ಅಂತ ಬರೆಯಬಹುದಿತ್ತು. ಹತ್ತು ವರ್ಷದವರ ಬಾಯಲ್ಲಿ ಅವು ಹೊರಳುವುದಿಲ್ಲ. ಮೊದಲನೆಯದಕ್ಕೆ ‘ಬೆಳಕು ಬಿದ್ದಷ್ಟು ಹೊತ್ತು ಮಿನುಗುವ’, ಎರಡನೆಯದಕ್ಕೆ ‘ಬೆಳಕು ಹೋದ ಮೇಲೂ ಮಿನುಗುವ’ ಎಂದು ತಿದ್ದಿ ಕಳಿಸಿದೆ. ಉದ್ದವಾಯಿತು, ಇರಲಿ. ಈ ಸಲ ಕೆಂಪು ಸುತ್ತು ಬರಲಿಲ್ಲ.

ನಕ್ಷತ್ರದ ಅಂಟು ಮಾತ್ರ ಹೋಗಿದೆ. ಗೋಡೆಗೆ ಒತ್ತಿದರೆ ಅರ್ಧ ಗಂಟೆಗೆ ಬೀಳುತ್ತದೆ, ಕತ್ತಲಲ್ಲಿ ಮಂಚದ ಕೆಳಗಿನಿಂದ ಮಿನುಗುತ್ತಿರುತ್ತದೆ. ಮಗಳು ಹೊಸದು ಕೇಳಿದ್ದಾಳೆ.